ತಣ್ಣೀರು ಸರ್

ಕುಟುಂಬ ಸಲಹಾ ಕೇಂದ್ರಕ್ಕೆ ಹೊಸದಾಗಿ ಬಂದ ಗುಮಾಸ್ತೆ ಸಲಹೆಗಾರರನ್ನು ಮೊದಲು ಕಂಡ ದಿನ, ಅವರು ಹೆಂಡತಿಗೆ ಹೊಡೆದ ಗಂಡನೊಬ್ಬನಿಗೆ ನೀರು ಕುಡಿಸುತ್ತಿದ್ದರು. ಎಲ್ಲ ಹೊಡೆತಕ್ಕೂ ಸಿಟ್ಟೇ ಮೂಲ, ಸಿಟ್ಟಿಗೆ ತಣ್ಣೀರೇ ಮದ್ದು ಎಂಬುದು ಅವರ ಮೂವತ್ತು ವರ್ಷದ ಶಾಸ್ತ್ರ. ಹಾಗಾಗಿ ಕಚೇರಿಯವರ ಬಾಯಲ್ಲಿ ಅವರು ತಣ್ಣೀರು ಸರ್. "ಸಿಟ್ಟಿಗೆ ಕಣ್ಣಿಲ್ಲಪ್ಪ, ಬಂದಾಗ ನೂರರ ತನಕ ಎಣಿಸು" ಎಂದು ಗಂಡನಿಗೆ, "ನೀನೂ ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ" ಎಂದು ಹೆಂಡತಿಗೆ ಹೇಳಿ ರಾಜಿಪತ್ರ ಮುಂದಿಡುವರು. ಮುನಿದವರು ಒತ್ತಿಕೊಂಡು ಕೂತರೆ ಅರ್ಧ ಜಗಳ ಕರಗುತ್ತದೆಂದು ಕೋಣೆಯಲ್ಲಿ ಒಂದೇ ಬೆಂಚು ಇಟ್ಟಿದ್ದರು. "ನಮ್ಮ ಸರ್ ಹುಲಿಗೂ ಹುಲ್ಲೆಗೂ ರಾಜಿ ಮಾಡಿಸ್ತಾರೆ" ಎಂದು ಗುಮಾಸ್ತೆ ನಗುತ್ತಿದ್ದಳು. ಒಂದು ಮಧ್ಯಾಹ್ನ ಅದೇ ಬೆಂಚಿನಲ್ಲಿ ಗಂಡನೊಬ್ಬ ಸಹಿ ಹಾಕಿ, ಪೆನ್ನನ್ನು ಹೆಂಡತಿಯ ಕೈಗಿಟ್ಟು, "ಹಾಕು, ಮನೆಗೆ ಹೋಗೋಣ" ಎಂದು ಬಹಳ ಮೆತ್ತಗೆ ಹೇಳಿದ. ಆಕೆ ಪೆನ್ನು ಕೆಳಗಿಟ್ಟಳು. "ಸಿಟ್ಟಿಗೆ ಕಣ್ಣಿಲ್ಲ ಅಂದ್ರಲ್ಲ ಸರ್, ಇವರು ಮೊದಲು ಕಿಟಕಿ ಎಲ್ಲ ಹಾಕ್ತಾರೆ. ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ. ವಾಚು ಬಿಚ್ಚಿ ಜೋಪಾನವಾಗಿ ಎತ್ತಿಡ್ತಾರೆ. ಆಮೇಲೆ ಇವರಿಗೆ ಸಿಟ್ಟು ಬರುತ್ತೆ." ಸಲಹೆಗಾರರು ಗಂಡನ ಕಡೆ ನೋಡಿದರು. ಅವನ ಬೆರಳು ಆಗಲೇ ವಾಚಿನ ಪಟ್ಟಿಯ ಮೇಲಿತ್ತು. ಅವರು ರಾಜಿಪತ್ರವನ್ನು ಎಳೆದುಕೊಂಡು ಹರಿದರು. ಆಕೆ ಅಂದು ಮಹಿಳಾ ಪೇದೆಯೊಬ್ಬರ ಜೊತೆ ಅಕ್ಕನ ಮನೆಗೆ ಹೋದಳು. ಈಗ ಆ ಬೆಂಚು ಹೊರಗಿನ ಜಗುಲಿಯಲ್ಲಿದೆ. ಯಾವ ಜೋಡಿ ಬಂದರೂ ಸಲಹೆಗಾರರು ಹೆಂಡತಿಯನ್ನು ಮೊದಲು ಒಬ್ಬಳನ್ನೇ ಒಳಗೆ ಕರೆದು, ನೀರಿನ ಲೋಟ ಅವಳ ಮುಂದಿಟ್ಟು, "ಹೊಡೆಯೋ ಮುಂಚೆ ಅವನು ಏನೇನು ಮಾಡ್ತಾನಮ್ಮ?" ಎಂದು ಕೇಳುತ್ತಾರೆ. ಅವಳು ಬಾಯಿ ತೆರೆಯುವ ತನಕ ಆತುರಪಡಿಸದೆ, ನೂರರವರೆಗೆ ತಾವೇ ಎಣಿಸುತ್ತ ಕೂರುತ್ತಾರೆ.