ಠೇವಣಿಯಕ್ಕ ಕಾಯ್ದುಕೊಂಡ ದುಡ್ಡು

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಯಲ್ಲಿ ಹದಿನಾಲ್ಕು ಜನ ಹೆಂಗಸರು ಕೆಲಸ ಮಾಡುತ್ತಿದ್ದರು. ಸಂಬಳದ ದಿನ ಬಟ್ಟೆ ಅಂಗಡಿಗೂ ಹೋಗದೆ, ಹೋಟೆಲಿಗೂ ಹೋಗದೆ, ನೆಟ್ಟಗೆ ಬ್ಯಾಂಕಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದವಳು ಅವರಲ್ಲಿ ಒಬ್ಬಳೇ. ಅವಳಿಗೆ ಠೇವಣಿಯಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಹಾಸಿಗೆ ಬಟ್ಟೆಗೆ ಹತ್ತಿದ ಔಷಧಿಯ ಕಲೆಯಾದರೂ ಮೂರು ಒಗೆತಕ್ಕೆ ಹೋದೀತು, ಆ ಹೆಸರು ಹೋಗಲಿಲ್ಲ.

ಅವಳದು ಇಸ್ತ್ರಿ ಯಂತ್ರದ ಕೆಲಸ. ಹಬೆಯಲ್ಲಿ ಕಾದ ಎರಡು ಉದ್ದುದ್ದ ಉರುಳೆಗಳು ಒಂದರ ಮೇಲೊಂದು ತಿರುಗುತ್ತಿರುತ್ತವೆ. ಒದ್ದೆ ಚಾದರದ ಎರಡು ಮೂಲೆ ಹಿಡಿದು ಅವುಗಳ ನಡುವೆ ಕೊಟ್ಟರೆ, ಎಳೆದುಕೊಂಡು ಆಚೆ ಬದಿಗೆ ಹಪ್ಪಳದ ಹಾಗೆ ಉಗುಳುತ್ತವೆ. ಬೇಗ ಕೈ ಬಿಟ್ಟರೆ ಬಟ್ಟೆ ಮುದುಡುತ್ತದೆ, ತಡವಾದರೆ ಬೆರಳೇ ಹೋಗುತ್ತದೆ. ಅಲ್ಲಿ ಬೆರಳಿಗೆ ಬರೆ ಬೀಳದವರಿಲ್ಲ. ಠೇವಣಿಯಕ್ಕನ ಕೈ ಮಾತ್ರ ನುಣ್ಣಗಿತ್ತು. ಅವಳ ಚಾದರಗಳು ಯಾವಾಗಲೂ ಒಂದಿಷ್ಟು ಮುದುಡಿ ಬರುತ್ತಿದ್ದವು.

ಅಷ್ಟು ಹೆದರಿಕೆಗೆ ಕಾರಣವಿತ್ತು. ಅವಳಪ್ಪ ಹಿಟ್ಟಿನ ಗಿರಣಿಯಲ್ಲಿ ತೂಕದ ಗುಮಾಸ್ತನಾಗಿದ್ದ. ಮೂವತ್ತೊಂದು ವರ್ಷ ದುಡಿದು ಬಂದ ಗಂಟನ್ನು ಗೆಳೆಯನೊಬ್ಬನ ಐಸ್ ಕಾರ್ಖಾನೆಗೆ ಸುರಿದ. ಎರಡು ಬೇಸಿಗೆಯಲ್ಲಿ ಕಾರ್ಖಾನೆಗೆ ಬೀಗ ಬಿತ್ತು. "ಐಸಿಗೆ ಹಾಕಿದ ದುಡ್ಡು ಕರಗದೆ ಇನ್ನೇನಾಗತ್ತೆ" ಎಂದು ಬೀದಿಯವರು ನಕ್ಕರು. ಅಪ್ಪನೂ ಅವರ ಜೊತೆ ನಕ್ಕ, ಆಮೇಲೆ ಸಾಯುವ ತನಕ ಅದೇ ಗಿರಣಿಯ ಮುಂದೆ ಬೇರೆಯವರ ತೂಕದ ಚೀಟಿ ಬರೆದುಕೊಟ್ಟು ಬದುಕಿದ. ಅಮ್ಮ ಹೊಲಿಗೆ ಯಂತ್ರ ಮಾರಿದ ದಿನ ಅದರ ಒಂದು ಬದಿ ಹಿಡಿದು ಮೆಟ್ಟಿಲಿಳಿಸಿದವಳು ಇವಳೇ. ಆಗ ಇವಳಿಗೆ ಹತ್ತೊಂಬತ್ತು, ತಮ್ಮನಿಗೆ ಹನ್ನೆರಡು.

ಅಕ್ಕ-ತಮ್ಮ ಒಂದೇ ಮನೆಯ ಮಕ್ಕಳು, ಒಂದೇ ಸೋಲು ಕಂಡವರು. ಆದರೆ ಇಬ್ಬರೂ ಕಲಿತ ಪಾಠ ಬೇರೆಬೇರೆ. ತಮ್ಮ ದೊಡ್ಡವನಾಗಿ ಲಿಫ್ಟ್ ರಿಪೇರಿ ಕೆಲಸಕ್ಕೆ ಸೇರಿದ. ಮೊದಲ ಸಂಬಳದಿಂದಲೇ ಒಂದು ಪಾಲು ಬ್ಯಾಂಕಿಗೂ ಒಂದು ಪಾಲು ಮ್ಯೂಚುವಲ್ ಫಂಡಿಗೂ ಹಾಕತೊಡಗಿದ. ಅವನಿಗೆ ಮೂವತ್ತೆರಡಾದ ವರ್ಷ ಶೇರು ಮಾರುಕಟ್ಟೆ ಬಿದ್ದು, ಫಂಡಿನಲ್ಲಿದ್ದದ್ದು ಅರ್ಧಕ್ಕರ್ಧ ಇಳಿಯಿತು. ಅಕ್ಕನ ಮನೆಗೆ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ವಿಷಯ ಹೇಳಿದ.

"ಅಪ್ಪನ ಮಗ ಕಣೋ ನೀನು! ಜೂಜು ಅನ್ನೋದು ರಕ್ತದಲ್ಲೇ ಬಂದಿದೆ," ಎಂದಳು ಅವಳು. "ಉಳಿದಿದ್ದನ್ನ ನಾಳೆನೇ ತೆಗೆದು ಬ್ಯಾಂಕಿಗೆ ಹಾಕು."

"ಈಗ ತೆಗೆದ್ರೆ ನಷ್ಟ ಖಾತ್ರಿ ಆಗತ್ತೆ ಅಕ್ಕ. ಬಿಟ್ರೆ ಮತ್ತೆ ಏರಬಹುದು. ನನಗೇನು ನಾಳೆನೇ ಬೇಕಾ?"

"ಏರಬಹುದು, ಏರದೇನೂ ಇರಬಹುದು. ನನ್ನ ದುಡ್ಡು ನೋಡು, ಇಟ್ಟಲ್ಲೇ ಇರತ್ತೆ."

ತಮ್ಮ ಎದ್ದು ಮನೆಗೆ ಹೋದ. ಅವಳು ಆ ಜೂಜಿನ ಮಾತನ್ನು ಆಮೇಲೆ ಹತ್ತಾರು ವರ್ಷ ನಾಲ್ಕು ಜನರ ಮುಂದೆ ಆಡಿದಳು. ಯಾರ ಮನೆಗೆ ಹೋದರೂ "ಇವನು ನಮ್ಮ ಜೂಜುಕೋರ" ಎಂದೇ ತಮ್ಮನನ್ನು ಪರಿಚಯಿಸುತ್ತಿದ್ದಳು. ಅವನ ಹೆಂಡತಿಯ ಮುಖ ಚಿಕ್ಕದಾಗುವುದು ಅವಳಿಗೆ ಕಾಣುತ್ತಿರಲಿಲ್ಲ.

ಅವಳ ಗಂಡ ಶಾಲೆಯ ಬಸ್ಸಿನ ಡ್ರೈವರ್. ಮಾತು ಕಡಿಮೆ, ಹೆಂಡತಿ ಹಾಕಿದ ಗೆರೆ ದಾಟದ ಮನುಷ್ಯ. ಮಕ್ಕಳಾಗಲಿಲ್ಲ. "ನಮಗೆ ಮುಪ್ಪಿನಲ್ಲಿ ಊಟ ಹಾಕೋದು ಬ್ಯಾಂಕೇ" ಎಂದು ಅವಳು ಹೇಳಿದರೆ ಅವನು ತಲೆಯಾಡಿಸುತ್ತಿದ್ದ. ಎರಡು ಕೋಣೆಯ ಬಾಡಿಗೆ ಮನೆ, ಒಂದು ಫ್ಯಾನು, ಕಿಟಕಿಯಿಂದ ಕಾಣುವ ಟೈರ್ ಅಂಗಡಿ. ಹನಿಹನಿ ಕೂಡಿಸಿದರೆ ಹಳ್ಳವಾಗುತ್ತದೆಂಬ ನಂಬಿಕೆಯಲ್ಲಿ ಬಸ್ಸಿಗೆ ಕೊಡಬೇಕಾದ ಚಿಲ್ಲರೆಯನ್ನೂ ಉಳಿಸಿ ನಡೆದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದಳು. ಹಳ್ಳ ತುಂಬುತ್ತಿತ್ತು, ನಿಜ. ಅದರ ತಳದಲ್ಲಿ ಬಿರುಕಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ಅದನ್ನು ತೋರಿಸಿಕೊಟ್ಟವಳು ಜೊತೆಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದ, ಬಟ್ಟೆ ಮಡಚುವ ವಿಭಾಗದ ಮುದುಕಿ. ನಿವೃತ್ತಿಯಾಗಿ ಐದು ವರ್ಷಕ್ಕೆ ಒಂದು ಬೆಳಿಗ್ಗೆ ಲಾಂಡ್ರಿಯ ಬಾಗಿಲಲ್ಲಿ ಬಂದು ನಿಂತಳು. ಮಾತಾಡಿಸಲು ಬಂದಿದ್ದಾಳೆಂದು ಎಲ್ಲರೂ ಟೀ ಕೊಟ್ಟರು. ಟೀ ಕುಡಿದು, ಲೋಟ ತೊಳೆದಿಟ್ಟು, ಮೇಲ್ವಿಚಾರಕಿಯ ಹತ್ತಿರ ಹೋಗಿ ದಿನಗೂಲಿಗೆ ಏನಾದರೂ ಇದೆಯಾ ಎಂದು ಕೇಳಿದಳು.

"ಏನಕ್ಕಾ, ನೀವೂ ನನ್ನ ಹಾಗೇ ಠೇವಣಿ ಇಟ್ಟಿದ್ರಲ್ಲ?" ಎಂದಳು ಠೇವಣಿಯಕ್ಕ.

"ಇಟ್ಟಿದ್ದೆ ಕಣಮ್ಮ. ಎಲ್ಲೂ ಹೋಗಲಿಲ್ಲ, ಒಂದು ಕಾಸೂ ಕಳೀಲಿಲ್ಲ. ಅದಕ್ಕೆ ಸಿಗೋ ಅಕ್ಕಿ ಮಾತ್ರ ಕಮ್ಮಿ ಆಗ್ತಾ ಬಂತು."

ಆ ಸಂಜೆ ಠೇವಣಿಯಕ್ಕ ಹಳೆಯ ರಸೀದಿಗಳನ್ನು ಮಂಚದ ಮೇಲೆ ಹರಡಿದಳು. ಮೂವತ್ತೈದನೆಯ ವಯಸ್ಸಿನಲ್ಲಿ ಅವಳು ಇಟ್ಟಿದ್ದ ಹಣಕ್ಕೆ ಊರ ಹೊರಗಿನ ಬಡಾವಣೆಯಲ್ಲಿ ಒಂದು ನಿವೇಶನ ಬರುತ್ತಿತ್ತು. ಅದೇ ಹಣ ಬಡ್ಡಿಯ ಮೇಲೆ ಬಡ್ಡಿ ತಿಂದು ಮೂರು ಪಟ್ಟಾಗಿತ್ತು, ಆದರೆ ಈಗ ಅದೇ ಬಡಾವಣೆಯಲ್ಲಿ ಅಷ್ಟಕ್ಕೆ ಒಂದು ಬಚ್ಚಲುಮನೆಯೂ ಬರುತ್ತಿರಲಿಲ್ಲ. ಎಲ್ಲ ರಸೀದಿ ಕೂಡಿಸಿದರೆ ಅವಳ ಐದು ವರ್ಷದ ಸಂಬಳ. ಬಾಡಿಗೆ, ಅಕ್ಕಿ, ಗಂಡನ ಸಕ್ಕರೆ ಕಾಯಿಲೆಯ ಮಾತ್ರೆ ಎಂದು ಲೆಕ್ಕ ಹಾಕಿದರೆ ಆರು ವರ್ಷ, ಬಿಗಿ ಹಿಡಿದರೆ ಏಳು. ಅವಳಿಗೆ ಆಗ ಐವತ್ತೇಳು. ಅವಳ ಅಮ್ಮ ಎಂಬತ್ತೊಂಬತ್ತರ ತನಕ ಬದುಕಿದ್ದಳು. ಆಯಸ್ಸು ಗಟ್ಟಿ ಎಂದು ಹಿಗ್ಗುತ್ತಿದ್ದವಳಿಗೆ ಅದೇ ಈಗ ಎದೆಯ ಮೇಲಿನ ಕಲ್ಲಾಯಿತು.

ಅದೇ ತಿಂಗಳು ತಮ್ಮ ಮನೆ ಕೊಂಡ. ನಾಲ್ಕನೇ ಮಹಡಿಯಲ್ಲಿ ಸಣ್ಣದೇ, ಆದರೆ ಸ್ವಂತದ್ದು. ಫಂಡಿನ ಹಣದಲ್ಲಿ ಅರ್ಧ ತೆಗೆದು ಕೊಂಡಿದ್ದ, ಉಳಿದರ್ಧ ಹಾಗೇ ಇತ್ತು. ನೋಡಲು ಹೋದ ಅಕ್ಕ ಗೋಡೆ ಸವರಿದಳು, ನಲ್ಲಿ ತಿರುಗಿಸಿ ನೋಡಿದಳು. ಅಂದು ಜೂಜುಕೋರ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ತಮ್ಮನ ಹೆಂಡತಿ ಮಾತ್ರ ಟೀ ಬಗ್ಗಿಸುತ್ತ, "ನಮ್ಮ ಜೂಜುಕೋರರು ಕೊನೆಗೂ ಒಂದು ಸೂರು ಮಾಡಿದ್ರು ನೋಡಿ ಅತ್ತಿಗೆ," ಎಂದಳು. ನಗುತ್ತಲೇ ಅಂದದ್ದು. ಠೇವಣಿಯಕ್ಕ ಅರ್ಧ ಟೀ ಬಿಟ್ಟು ಎದ್ದಳು.

ಮರುವಾರ ರಜೆ ಹಾಕಿ ಬ್ಯಾಂಕಿಗೆ ಹೋದಳು. ಅವಧಿ ಮುಗಿಯದ ಠೇವಣಿಗಳನ್ನೂ ದಂಡ ಕಟ್ಟಿ ಮುರಿಸಿದಳು. ಹಿಂದಿನ ವರ್ಷ ಎಲ್ಲಕ್ಕಿಂತ ಜಾಸ್ತಿ ಏರಿದ ಫಂಡು ಯಾವುದೆಂದು ಕೇಳಿ, ಅದೊಂದಕ್ಕೇ ಪೂರ್ತಿ ಹಾಕುವುದಾಗಿ ಹೇಳಿದಳು. ಕೌಂಟರಿನ ಅಧಿಕಾರಿ ಒಳ್ಳೆಯವನೇ. ಪೆನ್ನು ಕೆಳಗಿಟ್ಟು ಕೇಳಿದ:

"ಅಮ್ಮಾ, ಈ ದುಡ್ಡು ಮೂರ್ನಾಲ್ಕು ವರ್ಷದೊಳಗೆ ಬೇಕಾಗತ್ತಾ? ಬೇಕಾಗತ್ತೆ ಅಂದ್ರೆ ಎಲ್ಲವನ್ನೂ ಇಲ್ಲಿ ಹಾಕ್ಬೇಡಿ. ಕಾಲು ಭಾಗ ಹಾಕಿ ನೋಡಿ."

"ಬೇಕಾಗಲ್ಲ."

"ನಿವೃತ್ತಿ ಯಾವಾಗ?"

"ಅದೆಲ್ಲ ನಾನು ನೋಡ್ಕೋತೀನಿ, ನೀವು ಎಲ್ಲಿ ಸೈನ್ ಹಾಕ್ಬೇಕು ತೋರಿಸಿ."

ತಮ್ಮನಿಗೆ ಹೇಳಲಿಲ್ಲ. ಗಂಡನಿಗೆ ಹೇಳಿದಳು. ಅವನು ಚಪ್ಪಲಿಯ ಬಾರು ಸರಿಮಾಡುತ್ತ, "ನಿಂಗೆ ಸರಿ ಅನಿಸಿದ್ರೆ ಸರಿ," ಎಂದ.

ಹತ್ತು ತಿಂಗಳು ಫಂಡು ಏರಿತು. ನೂರಿದ್ದದ್ದು ನೂರಿಪ್ಪತ್ತಾಯಿತು. ಮೂವತ್ತು ವರ್ಷ ಬ್ಯಾಂಕಿನ ಬಡ್ಡಿಯೊಂದನ್ನೇ ಕಂಡವಳಿಗೆ ಅದು ಹೆಂಡದ ಹಾಗೆ ತಲೆಗೇರಿತು. ಊಟದ ಬಿಡುವಿನಲ್ಲಿ ಫೋನು ತೆಗೆದು ನೋಡುವುದು, ಮತ್ತೆ ನೋಡುವುದು. ಆ ದಿನಗಳಲ್ಲಿ ಅವಳು ತಮಾಷೆ ಮಾಡಿದ್ದನ್ನು ಲಾಂಡ್ರಿಯವರು ಮೊದಲ ಸಲ ಕೇಳಿದರು. ಒಂದು ದಿನ ಬಸ್ಸಿನಲ್ಲಿ ಮನೆಗೆ ಹೋದಳು. ಇನ್ನೊಂದು ದಿನ ಗಂಡನಿಗೆ ಹೊಸ ಕನ್ನಡಕ ಮಾಡಿಸಿದಳು, ಅವನಿಗೆ ಕಣ್ಣು ಮಂಜಾಗುತ್ತಿತ್ತು.

ಹನ್ನೊಂದನೇ ತಿಂಗಳು ಮಾರುಕಟ್ಟೆ ಕುಸಿಯಿತು. ಮೊದಲ ವಾರ ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು. ಮೂರನೇ ವಾರಕ್ಕೆ ಊಟ ಸೇರದಾಯಿತು. ಎರಡೂವರೆ ತಿಂಗಳಲ್ಲಿ, ಅವಳು ಹಾಕಿದ ನೂರರಲ್ಲಿ ಅರವತ್ತು ಉಳಿದಿತ್ತು. ಗಾಯದ ಮೇಲೆ ಬರೆ ಎಳೆದಂತೆ ಅದೇ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಗಂಡನ ಎಡಗಣ್ಣಿನೊಳಗೆ ರಕ್ತ ಒಸರಿತು, ಬಲಗಣ್ಣು ಮೊದಲೇ ಮಂಜಾಗಿತ್ತು. ಬಸ್ಸನ್ನು ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ, ಸ್ಟೇರಿಂಗ್ ಬಿಡದೆ, "ನನಗೆ ಕಾಣಿಸ್ತಿಲ್ಲ, ಯಾರಾದ್ರೂ ಮಕ್ಕಳನ್ನ ಇಳಿಸ್ಕೊಳ್ಳಿ," ಎಂದು ಕೂಗಿದನಂತೆ. ಮಕ್ಕಳೆಲ್ಲ ಕ್ಷೇಮವಾಗಿ ಇಳಿದರು. ಅವನ ಕೆಲಸ ಅಂದಿಗೆ ಮುಗಿಯಿತು. ಒಂದು ಕಣ್ಣನ್ನಾದರೂ ಉಳಿಸಿಕೊಳ್ಳಬೇಕಾದರೆ ಎರಡು ಕಣ್ಣಿಗೂ ಆಪರೇಷನ್ ಆಗಬೇಕು, ತಡಮಾಡುವ ಹಾಗಿಲ್ಲ ಎಂದರು ಡಾಕ್ಟರು.

ವಿಷಯ ತಿಳಿದು ತಮ್ಮ ಕೆಲಸದ ಬಟ್ಟೆಯಲ್ಲೇ ಓಡಿ ಬಂದ. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತ. ಆಗ ಅವಳು ಫಂಡಿನ ಕತೆ ಬಾಯಿಬಿಟ್ಟಳು.

"ಎಲ್ಲಾನೂ ಹಾಕಿದ್ಯಾ? ಒಂದರಲ್ಲೇ?"

"ನೀನು ಹಾಕಿರಲಿಲ್ವಾ?"

"ನಾನು ಅರ್ಧ ಹಾಕಿದ್ದೆ ಅಕ್ಕ. ಅದೂ ಇಪ್ಪತ್ತೈದು ವರ್ಷ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ." ಅವನು ಮುಖ ಒರೆಸಿಕೊಂಡ. "ಆಯ್ತು, ಹೋಗ್ಲಿ. ಈಗ ಒಂದು ಕಾಸೂ ಮಾರಬೇಡ. ಭಾವನ ಆಪರೇಷನ್ನಿಗೆ ನಾನು ಕೊಡ್ತೀನಿ. ಮಾರುಕಟ್ಟೆ ಏರಿದ್ಮೇಲೆ ವಾಪಸ್ ಕೊಡು, ಕೊಡದೇ ಇದ್ರೂ ಪರವಾಗಿಲ್ಲ."

ಅಷ್ಟಕ್ಕೇ ಅವಳು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಕ್ಷಣ ಅವಳ ಕಣ್ಣ ಮುಂದೆ ನಿಂತದ್ದು ತಮ್ಮನ ಹೆಂಡತಿಯ ನಗು. ಜೂಜಿನ ದುಡ್ಡು ಎಂದು ಊರಿಗೆಲ್ಲ ಹೇಳಿಕೊಂಡು ಬಂದ ದುಡ್ಡಿಗೆ ಈಗ ಕೈ ಚಾಚುವುದೇ?

"ನನ್ನ ಗಂಡನ್ನ ನಾನು ನೋಡ್ಕೋತೀನಿ. ನೀನು ಮನೆಗೆ ಹೋಗು," ಎಂದಳು.

ಮರುದಿನ ಎಲ್ಲವನ್ನೂ ಮಾರಿದಳು. ಆಪರೇಷನ್ನಿಗೆ ಬೇಕಾದಷ್ಟೇ ಮಾರಬಹುದಿತ್ತು. ಉಳಿದದ್ದನ್ನು ಬಿಟ್ಟಿರಲು ಅವಳಿಗೆ ಧೈರ್ಯವಾಗಲಿಲ್ಲ. ಅವಳ ಕಣ್ಣೆದುರು ಅಪ್ಪನ ಐಸ್ ಕರಗುತ್ತಲೇ ಇತ್ತು. "ಇದ್ದಷ್ಟಾದ್ರೂ ಉಳೀಲಿ," ಎಂದು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಂಡು ಬ್ಯಾಂಕಿನ ಮೆಟ್ಟಿಲಿಳಿದಳು.

ಗಂಡನಿಗೆ ಬಲಗಣ್ಣಿನಲ್ಲಿ ಮಬ್ಬು ಬೆಳಕು ಉಳಿಯಿತು, ಎಡಗಣ್ಣು ಪೂರ್ತಿ ಹೋಯಿತು. ಒಂದೂವರೆ ವರ್ಷದಲ್ಲಿ ಮಾರುಕಟ್ಟೆ ಹಳೆಯ ಮಟ್ಟಕ್ಕೆ ಬಂತು, ದಾಟಿಯೂ ಹೋಯಿತು. ಅವಳು ಅದನ್ನು ಯಾರೂ ಹೇಳದೆಯೇ ತಿಳಿದಿದ್ದಳು, ಏಕೆಂದರೆ ಫೋನಿನಲ್ಲಿ ನೋಡುವುದನ್ನು ಬಿಟ್ಟಿರಲಿಲ್ಲ. ಯಾರಾದರೂ ಮೋಸ ಮಾಡಿದ್ದರೆ ಹಿಡಿಶಾಪ ಹಾಕಿ ಹಗುರಾಗಬಹುದಿತ್ತು. ಶಾಪ ಹಾಕಲು ಒಬ್ಬರೂ ಸಿಗಲಿಲ್ಲ.

ಅರವತ್ತು ತುಂಬಿ ಆಸ್ಪತ್ರೆಯವರು ಒಂದು ಸಣ್ಣ ಗಂಟು ಕೊಟ್ಟು ಕಳಿಸಿದ ವಾರ, ತಾನಾಗಿಯೇ ತಮ್ಮನಿಗೆ ಫೋನು ಮಾಡಿದಳು. ಎರಡು ವರ್ಷದಲ್ಲಿ ಅದೇ ಮೊದಲು.

"ಬಾರೋ. ಉಳಿದಿದ್ದನ್ನ ಏನು ಮಾಡ್ಲಿ ಹೇಳು."

ಅವನು ಬಂದ. ಊಟದ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಕೂತರು. ಮಂಚದ ತುದಿಯಲ್ಲಿ ಗಂಡ ಕಿವಿಗೊಟ್ಟು ಕೂತಿದ್ದ. ಎರಡು ವರ್ಷದ ಖರ್ಚು ಕೈಗೆ ಸಿಗುವ ಹಾಗೆ ಖಾತೆಯಲ್ಲಿ, ಅದಕ್ಕಿಂತ ದೊಡ್ಡ ಪಾಲು ಠೇವಣಿಯಲ್ಲಿ, ಸಣ್ಣದೊಂದು ಪಾಲು ಹತ್ತು ವರ್ಷ ಮುಟ್ಟದ ಹಾಗೆ ಫಂಡಿನಲ್ಲಿ ಎಂದು ತಮ್ಮ ಗೆರೆ ಎಳೆದ.

"ಹತ್ತು ವರ್ಷನಾ? ಅಷ್ಟರ ತನಕ ನಾನಿರ್ತೀನೇನೋ?"

"ಇದ್ರೆ ಬೇಕಾಗತ್ತಲ್ಲ ಅಕ್ಕ, ಅದಕ್ಕೇ."

ಗಂಡ ಮಂಚದ ಮೇಲಿಂದ ನಕ್ಕ. ಅವಳಿಗೂ ನಗು ಬಂತು, ಬಂದದ್ದು ಅಲ್ಲೇ ನಿಂತುಹೋಯಿತು.

"ನೋಡಕ್ಕ," ಎಂದ ತಮ್ಮ, ಕಾಗದ ಮಡಚುತ್ತ. "ನಾನೇನು ದೊಡ್ಡ ಬುದ್ಧಿವಂತ ಅಲ್ಲ. ಬಿದ್ದಾಗ ನನಗೆ ಕಾಯೋಕೆ ವರ್ಷಗಳಿದ್ವು, ಅಷ್ಟೇ."

"ನನಗೂ ಇದ್ವಲ್ಲೋ," ಎಂದಳು ಅವಳು. "ಮೂವತ್ತು ವರ್ಷ ಇದ್ವು."

ತಮ್ಮ ಮಡಚಿದ ಕಾಗದವನ್ನು ಅವಳ ಕೈಗೆ ಕೊಟ್ಟ. ಕೆಳಗೆ ಟೈರ್ ಅಂಗಡಿಯವನು ಗಾಳಿ ತುಂಬುತ್ತಿದ್ದ. ಹೋಗುವಾಗ ತಮ್ಮ ಬಾಗಿಲಲ್ಲಿ ಮತ್ತೆ ದುಡ್ಡಿನ ಮಾತೆತ್ತಿದ. ಈ ಸಲ ಅವಳು ಬೇಡ ಅನ್ನಲಿಲ್ಲ. "ಇವರ ಮಾತ್ರೆಗೆ ಮಾತ್ರ ಕೊಡು. ನಿನ್ನ ಹೆಂಡತಿಗೆ ನಾನೇ ಹೇಳ್ತೀನಿ, ನೀನು ಹೇಳಬೇಡ," ಎಂದಳು. ಹೇಳಿದಳು ಕೂಡ, ನಾಲ್ಕನೇ ಮಹಡಿ ಹತ್ತಿ ಹೋಗಿ. ಏನು ಹೇಳಿದಳು, ತಮ್ಮನ ಹೆಂಡತಿ ಏನೆಂದಳು ಎಂಬುದು ಅವರಿಬ್ಬರಿಗೇ ಗೊತ್ತು. ಅಂದಿನಿಂದ ಮಾತ್ರೆಯ ಡಬ್ಬಿಗಳನ್ನು ತಂದುಕೊಡುವವಳು ತಮ್ಮನ ಹೆಂಡತಿಯೇ.

ಎಷ್ಟು ಹಂಚಿ ಬರೆದರೂ ಲೆಕ್ಕ ಐದು ವರ್ಷದ ಆಚೆಗೆ ಹೋಗಲಿಲ್ಲ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು, ಅವಳ ಹತ್ತಿರ ಇದ್ದದ್ದು ಕುಡಿಕೆಯ ತಳ. ಲಾಂಡ್ರಿಯನ್ನು ಅಷ್ಟರಲ್ಲಿ ಗುತ್ತಿಗೆಗೆ ಕೊಟ್ಟಿದ್ದರು. ಗುತ್ತಿಗೆದಾರ ಅವಳ ಕೈ ತಿರುಗಿಸಿ ನೋಡಿ, "ಬೆರಳೆಲ್ಲ ಇದಾವೆ, ಪರವಾಗಿಲ್ಲ," ಎಂದು ಹಳೆಯ ಸಂಬಳದ ಅರ್ಧಕ್ಕೆ ಸೇರಿಸಿಕೊಂಡ.

ಈಗ ಅವಳಿಗೆ ಅರವತ್ತಾರು. ಬೆಳಿಗ್ಗೆ ಐದಕ್ಕೆದ್ದು ಅನ್ನ ಮಾಡಿ, ಗಂಡನ ಮಾತ್ರೆಗಳನ್ನು ಅವನ ಕೈಗೆ ಸಿಗುವ ಹಾಗೆ ಸಾಲಾಗಿ ಜೋಡಿಸುತ್ತಾಳೆ. ಕಳೆದ ಚಳಿಗಾಲದಲ್ಲಿ ಬಲಗೈಯ ಎರಡು ಬೆರಳು ಉರುಳೆಗೆ ತಾಗಿ ಸುಟ್ಟವು. ವಯಸ್ಸಾದ ಕೈ, ಬಿಡಬೇಕಾದ ಹೊತ್ತಿಗೆ ಬಿಡಲಿಲ್ಲ. ಒಂಬತ್ತು ದಿನ ರಜೆ ಹಾಕಿದಳು, ಒಂಬತ್ತು ದಿನದ ಕೂಲಿ ಕಡಿದರು.

"ಇನ್ನೂ ಎಷ್ಟು ದಿನ ಹೋಗ್ತೀಯೇ?" ಎಂದು ಗಂಡ ಆಗಾಗ ಕೇಳುತ್ತಾನೆ.

"ಕರೆಯೋ ತನಕ," ಎನ್ನುತ್ತಾಳೆ. ಯಾರು ಕರೆಯುವ ತನಕ ಎಂದು ಅವನು ಕೇಳುವುದಿಲ್ಲ. ಅವಳು ಬಾಗಿಲು ಎಳೆದುಕೊಂಡು, ಮೊಣಕಾಲು ನೋಯದ ಹಾಗೆ ಒಂದೊಂದೇ ಮೆಟ್ಟಿಲಿಳಿದು, ಆರೂಕಾಲರ ಬಸ್ಸಿಗೆ ಹೋಗುತ್ತಾಳೆ.