ಹೊತ್ತು ಮುಳುಗುವ ಮೊದಲು ಊಟ ಹುಡುಕುವ ಸರಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತೋಡಾರಿನ ಗೇರುಬೀಜ ಕಾರ್ಖಾನೆಯ ಅತಿಥಿಗೃಹದ ಅಡುಗೆಮನೆಯಲ್ಲಿ ಸರಸ ಶೆಟ್ಟಿ ಅವಲಕ್ಕಿ ಹುರಿಯುತ್ತಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಬರೀ ಇಂಗು, ಕರಿಬೇವು, ಉಪ್ಪು. ನಾಳೆ ಕಾರ್ಖಾನೆಯ ಮಾಲಕ ಆದೀಶ್ ಜೈನ್ ವ್ಯಾಪಾರದ ಅತಿಥಿಗಳೊಂದಿಗೆ ಆಫ್ರಿಕಾದ ಐವರಿ ಕೋಸ್ಟ್‌ಗೆ ಹೊರಡುತ್ತಾರೆ. ಆ ಅತಿಥಿಗಳಿಗೆ ಅಲ್ಲಿ ಶುದ್ಧ ಸಸ್ಯಾಹಾರದ ಹೋಟೆಲು ಹುಡುಕಿಕೊಡುವುದು ಜೊತೆಗೆ ಹೋಗುವ ಸರಸರ ಕೆಲಸ.

"ವಿಮಾನದ ಹೆದರಿಕೆ ಇಲ್ಲ. ಇಳಿದ ಮೇಲೆ ಊಟ ಎಲ್ಲಿ ಅಂತ ಗೊತ್ತಿಲ್ಲ ನೋಡಿ, ಅದಕ್ಕೇ ನಿದ್ದೆ ಬರುವುದಿಲ್ಲ," ಎನ್ನುತ್ತಾರೆ.

ಸರಸ ಬೆಳುವಾಯಿಯವರು. ಗಂಡ ಮುಂಬೈಯ ಹೋಟೆಲೊಂದರಲ್ಲಿ ಅಡುಗೆಭಟ್ಟರಾಗಿದ್ದಾಗ ಅದೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು ಇಲ್ಲಿ ಸೇರಿದರು. ಅತಿಥಿಗಳಿಗೆ ಇವರ ಕೈರುಚಿ ಹಿಡಿಸಿತು. ಆದೀಶರು ಹೊರದೇಶಕ್ಕೂ ಕರೆದುಕೊಂಡು ಹೋಗತೊಡಗಿದರು. ಬೆಳಿಗ್ಗೆ ಎಲ್ಲರೂ ಮಾತುಕತೆಗೆ ಹೊರಟರೆ ಇವರು ಫೋನಿನ ಅನುವಾದ ಹಿಡಿದು ಹೋಟೆಲಿಂದ ಹೋಟೆಲಿಗೆ ನಡೆಯುತ್ತಾರೆ. ತಮ್ಮನ್ನು ಅಡುಗೆಮನೆಯೊಳಗೆ ಬಿಡದ ಕಡೆ ಅತಿಥಿಗಳನ್ನು ಕೂರಿಸುವುದಿಲ್ಲ.

ವಿಯೆಟ್ನಾಮಿಗೆ ಹೋದಾಗಿನ ಒಂದು ಸಂಜೆಯನ್ನು ನೆನೆದರೆ ಇವರ ಸ್ವರ ಈಗಲೂ ತಗ್ಗುತ್ತದೆ. ಅತಿಥಿ ಭುಜಬಲಿಯವರು ಬೆಳ್ತಂಗಡಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಗೇರುಬೀಜದ ವ್ಯಾಪಾರ ಮಾಡುವ ಹಿರಿಯರು. ಜೈನ ನೇಮದಂತೆ ಸೂರ್ಯ ಮುಳುಗಿದ ಮೇಲೆ ಅವರು ಏನನ್ನೂ ತಿನ್ನುವುದಿಲ್ಲ. ಮೇಲೆ ಸಕ್ಕರೆ ಕಾಯಿಲೆ. ಊಟ ಸಿದ್ಧವಿದೆಯೆಂದು ನಂಬಿ ಕೋಣೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡು ಬಂದಿದ್ದರು. ಬಂದು ನೋಡಿದರೆ, ಬೆಳಿಗ್ಗೆ ಸರಸ ಗೊತ್ತುಮಾಡಿದ್ದ ಹೋಟೆಲಿಗೆ ಬೀಗ. ಆದೀಶರು ನಗರದ ಇನ್ನೊಂದು ತುದಿಯಲ್ಲಿದ್ದರು.

"ಅವರಿಗೆ ಬೆವರು ಬಿಡಲಿಕ್ಕೆ ಶುರುವಾಯ್ತು. ಚೀಲದಲ್ಲಿದ್ದ ಬಾಳೆಹಣ್ಣು ಕೊಟ್ಟೆ. ಆದ್ರೆ ಅದೊಂದರಲ್ಲಿ ರಾತ್ರಿ ಕಳೆಯಲಿಕ್ಕೆ ಆಗ್ತದಾ ಮಾರಾಯ್ರೆ? ಬಿಸಿಲು ಆಗಲೇ ಗೋಡೆ ಹತ್ತಿತ್ತು."

ಪಕ್ಕದ ಬೀದಿಯಲ್ಲಿ ಒಂದು ಪುಟ್ಟ ಊಟದಂಗಡಿ ಸಿಕ್ಕಿತು. ಅಂಗಡಿಯ ಹೆಂಗಸು ಹೌದು, ಸಸ್ಯಾಹಾರವೇ ಎಂಬಂತೆ ತಲೆಯಾಡಿಸಿ ಸೊಪ್ಪಿನ ಸಾರು ತಂದಿಟ್ಟಳು. ತಿಳಿಯಾದ, ಹಬೆಯಾಡುವ ಸಾರು. ಭುಜಬಲಿಯವರು ಚಮಚ ಹಿಡಿದು ಸರಸರ ಮುಖ ನೋಡಿದರು. "ನೀನು ಸರಿ ಅಂದ್ರೆ ನಾನು ಉಣ್ತೇನೆ," ಎಂದರು.

ಸರಸ ಬಟ್ಟಲು ಮೂಗಿಗೆ ಹಿಡಿದರು. ಮೀನಿನ ರಸದ ವಾಸನೆ, ಬಹಳ ತೆಳುವಾಗಿ.

"ನಾನು ದಿನಾ ಮೀನು ತಿನ್ನುವವಳು, ನನಗೆ ಗೊತ್ತಾಗದೆ ಇರ್ತದಾ? ಸುಮ್ಮನಿದ್ರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಬೆವರು ಇನ್ನೂ ನಿಂತಿರಲಿಲ್ಲ. ಬೇಡ ಅಂದು, ಅವರು ಅಲ್ಲೇ ಬಿದ್ದರೆ?"

ಆದರೂ ಬೇಡವೆಂದರು. ಚಮಚ ಕಿತ್ತುಕೊಂಡು ನೇರ ಒಲೆಯ ಹತ್ತಿರ ನುಗ್ಗಿದರು. ಹೆಂಗಸು ಕೂಗಾಡಿದಳು. ಸರಸ ಕೈಮುಗಿದು ಹೊರಗೆ ಕೂತ ಭುಜಬಲಿಯವರನ್ನು ತೋರಿಸಿದರು, ಆಮೇಲೆ ಇಳಿಯುತ್ತಿದ್ದ ಸೂರ್ಯನನ್ನು. ಹೆಂಗಸಿಗೆ ಎಷ್ಟು ಅರ್ಥವಾಯಿತೋ, ತಾನೇ ಪಾತ್ರೆಯೊಂದನ್ನು ಉಜ್ಜಿ ತೊಳೆದುಕೊಟ್ಟಳು. ಬರೀ ಅನ್ನ ಅಲ್ಲಿ ಬೆಂದೇ ಇತ್ತು. ಸರಸ ಸೊಪ್ಪನ್ನು ಉಪ್ಪು ಹಾಕಿ ಬೇಯಿಸಿದರು. ಹೆಂಗಸು ತೆಂಗಿನಕಾಯಿ ತುರಿದಳು.

ಭುಜಬಲಿಯವರು ಕೈತೊಳೆಯುವಾಗ ಬೀದಿಯ ಆಚೆ ತುದಿಯಲ್ಲಿ ಇನ್ನೂ ತುಸು ಕೆಂಪು ಉಳಿದಿತ್ತು. "ಆಮೇಲೆ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ," ಎನ್ನುತ್ತಾರೆ ಸರಸ. ಓಡೋಡಿ ಬಂದ ಆದೀಶರಿಗೆ ಹಿರಿಯರು ಹೇಳಿದ್ದು ಇಷ್ಟೇ: "ಸರಸ ಬರುವುದಾದ್ರೆ ಮಾತ್ರ ನಾನು ಇನ್ನು ನಿನ್ನೊಟ್ಟಿಗೆ ಬರ್ತೇನೆ."

ಈಗೆಲ್ಲ, ಬೆಳಿಗ್ಗೆ ಗೊತ್ತುಮಾಡಿದ ಹೋಟೆಲಿಗೆ ಸರಸ ಮಧ್ಯಾಹ್ನ ಮತ್ತೊಮ್ಮೆ ಹೋಗಿ ಬಾಗಿಲು ತೆರೆದಿದೆಯೇ ಎಂದು ನೋಡಿ ಬರುತ್ತಾರೆ. ಆದರೂ ಆತಂಕ ಹೋಗಿಲ್ಲ. ಹೊಸ ಊರಿನ ಭಾಷೆ ಫ್ರೆಂಚ್ ಅಂತೆ, ಬೀದಿಗಳ ಪರಿಚಯವಿಲ್ಲ. ನಾಳೆಯ ಪ್ರಯಾಣಿಕರಲ್ಲಿ ಭುಜಬಲಿಯವರೂ ಇದ್ದಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಸರಸ ಒಲೆ ಸಣ್ಣದು ಮಾಡಿ ಹೇಳುತ್ತಾರೆ:

"ಅತಿಥಿಗಳು ಉಂಡು ಏಳುವ ತನಕ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿರುವುದು. ಯಾವುದಾದರೂ ಒಂದು ಊರಲ್ಲಿ ಎಲ್ಲ ಸರಿ ಉಂಟು ಅಂತ ಧೈರ್ಯವಾಗಿ, ಅವರೊಟ್ಟಿಗೇ ಕೂತು ಬಿಸಿ ಬಿಸಿ ಉಣ್ಣಬೇಕು. ಒಂದು ಸಲ ಸಾಕು."