ಮಂಗಳಾರತಿಯವರೆಗೆ ಎಂದಿದ್ದ ಮಾತು

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಮಾಘದ ಒಂದು ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ, ಹಲಸೂರಿನ ನಮ್ಮ ಬೀದಿಯ ಭಜನೆ ಮಂದಿರಕ್ಕೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಪೊಲೀಸರು ನುಗ್ಗಿ ಒಳಗಿದ್ದವರನ್ನು ಲಾಠಿಯಿಂದ ಹೊಡೆದು ಹೊರಗೆಳೆದರು. ಬಾಗಿಲು ಮುರಿಯಬೇಕಾಗಲಿಲ್ಲ. ಚಿಲಕ ತೆಗೆಸಿದ್ದವನು ನಾನು.

ಯುದ್ಧಕಾಲದಲ್ಲಿ ಬ್ರಿಟಿಷ್ ಸರ್ಕಾರ ಆ ಮಂದಿರವನ್ನು ಸೈನ್ಯದ ಕಂಬಳಿ ಮೂಟೆಗಳಿಗೆಂದು ತೆಗೆದುಕೊಂಡಿತ್ತು. ಯುದ್ಧ ಮುಗಿದೊಡನೆ ಹಿಂದಿರುಗಿಸುವುದಾಗಿ ಹೇಳಿತ್ತು. ಮುಗಿದ ಮೇಲೆ, ಕಟ್ಟಡ ಕೆಡವಿ ಜಾಗ ಉಳಿಸಿಕೊಳ್ಳುವುದಾಗಿ ನೋಟೀಸು ಅಂಟಿಸಿತು. ಮೂಟೆಗಳು ಹೋದ ದಿನವೇ ಭಜನೆಯವರು ಒಳಹೊಕ್ಕು ಅಖಂಡ ಭಜನೆ ಹಿಡಿದರು. ಸರದಿಯಲ್ಲಿ ಹಾಡುತ್ತಾರೆ, ತಾಳ ಕೈಯಿಂದ ಕೈಗೆ ಹೋಗುತ್ತದೆ, ನಿಲ್ಲುವುದಿಲ್ಲ. ಅಷ್ಟು ಹೊತ್ತೂ ಬಾಗಿಲು ತೆರೆದಿರಬೇಕು, ಬಂದವರನ್ನು ತಡೆಯಬಾರದು. ಪೊಲೀಸರು ಸುತ್ತುವರಿದ ಮೇಲೆ ಚಿಲಕ ಹಾಕಿಕೊಂಡಿದ್ದರು. ಗುಂಪಿನ ಹಿರಿಯಳಾದ ನನ್ನ ದೊಡ್ಡಮ್ಮನಿಗೆ ಹಾಗೆ ಬಾಗಿಲು ಮುಚ್ಚಿದ್ದು ಲಾಠಿಗಿಂತ ದೊಡ್ಡ ಚಿಂತೆ.

ನಾನು ದಂಡಿನ ಪತ್ರಿಕೆಯೊಂದರ ವರದಿಗಾರ. ಭಜನೆಯ ನಾಲ್ಕನೆಯ ದಿನ, ಆ ಸೋಮವಾರ ಬೆಳಿಗ್ಗೆ, ಪೊಲೀಸ್ ಅಧಿಕಾರಿ ನನ್ನನ್ನು ಕರೆದರು.

"ಏನ್ರೀ ಪೇಪರ್‌ನೋರೆ, ನಿಮ್ಮ ಮುದುಕಮ್ಮಂಗೆ ಗಂಟಲು ನೋಯಲ್ವಾ? ಮಧ್ಯಾಹ್ನ ಮಂಗಳಾರತಿ ಆಗ್ಲಿ, ಆಮೇಲೆ ಕೂತು ಮಾತಾಡೋಣ. ಅಲ್ಲೀವರ್ಗೂ ನಮ್ಮೋರು ಹೊಸಿಲು ದಾಟಲ್ಲ. ಪ್ರಾಮಿಸ್. ಚಿಲಕ ತೆಗೀಲಿ."

ಕಿಟಕಿಯಲ್ಲಿ ದೊಡ್ಡಮ್ಮನಿಗೆ ಹೇಳಿದೆ.

"ಪೊಲೀಸ್ ಕಾಫಿ ಕುಡ್ಕೊಂಡು ಬಂದ್ಯೇನೋ?" ಎಂದು ನಕ್ಕಳು. "ಮಾತು ಯಾರಿಗೆ ಕೊಟ್ರು?"

"ನಂಗೆ."

"ಸರಿ. ಅವ್ರನ್ನ ನಂಬಲ್ಲ ಕಣೋ, ನಿನ್ನ ನಂಬ್ತೀನಿ."

ಚಿಲಕ ಸರಿದ ಸದ್ದು ಕೇಳಿಸಿತು. ಹಿಂದೆಯೇ ಅಧಿಕಾರಿಯ ಸೀಟಿ. ನಾನಿನ್ನೂ ಕಿಟಕಿಯ ಹತ್ತಿರವೇ ಇದ್ದೆ. ಮೊದಲು ಬಂದ ಪೇದೆ ಬೂಟು ಬಿಚ್ಚಲೋ ಬೇಡವೋ ಎಂದು ಹೊಸಿಲಲ್ಲಿ ಒಂದು ಕ್ಷಣ ನಿಂತ. ಹಿಂದಿನವರು ಅವನನ್ನು ಒಳಕ್ಕೆ ತಳ್ಳಿದರು. ತಾಳ ಹಿಡಿದಿದ್ದ ದೊಡ್ಡಮ್ಮನ ಮಣಿಕಟ್ಟಿನ ಮೇಲೆ ಏಟು ಬಿತ್ತು. ಭಜನೆ ನಿಂತಿತು.

ವರದಿಯಲ್ಲಿ ಅಧಿಕಾರಿ ಕೊಟ್ಟ ಮಾತನ್ನೂ ಬರೆದಿದ್ದೆ. "ಸಾಕ್ಷಿ ಯಾರಪ್ಪ? ನೀನೊಬ್ನೇನಾ?" ಎಂದ ಸಂಪಾದಕರು ಆ ವಾಕ್ಯ ಹೊಡೆದುಹಾಕಿದರು. ಅಚ್ಚಾದದ್ದು ಇಷ್ಟು: ಭಜನೆಯವರು ತಾವಾಗಿಯೇ ಬಾಗಿಲು ತೆರೆದರು. ಲಾಠಿ ಏಟಿನ ಬಗ್ಗೆ ಆಮೇಲೆ ನಡೆದ ವಿಚಾರಣೆಯಲ್ಲಿ ಸರ್ಕಾರದ ವಕೀಲರು ಅದನ್ನೇ ಓದಿದರು.

ಮಂದಿರವನ್ನು ಆ ವಾರವೇ ಕೆಡವಿದರು. ಸ್ವಾತಂತ್ರ್ಯ ಬಂದ ಮೇಲೆ ದೊಡ್ಡಮ್ಮ ಜಾಗ ಕೇಳಿ ಹೊಸ ಸರ್ಕಾರಕ್ಕೆ ಹೆಬ್ಬೆಟ್ಟೊತ್ತಿ ಅರ್ಜಿ ಹಾಕಿದಳು. ಬರೆಸಿದ್ದು ನನ್ನ ಕೈಯಲ್ಲಲ್ಲ, ಬೇರೆಯವರ ಕೈಯಲ್ಲಿ. ಅರ್ಜಿಗೆ ಉತ್ತರ ಬಂದಿಲ್ಲ.